ಬಣ್ಣ ಹಾಕದ ಬಟ್ಟೆ

ಪವಿತ್ರ ಜೀವನ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಸಾಮಾನ್ಯವಾಗಿ ಒಂದೇ ಬಗೆಯದು. ಹಿಂದೂಗಳಿಗೆ ಅದು ಮಡಿ, ಉಪವಾಸ, ಜಪ. ಕ್ರೈಸ್ತರಿಗೆ ಭಾನುವಾರದ ಆರಾಧನೆ, ಪ್ರಾರ್ಥನೆ, ಬೈಬಲ್ ಪಠಣ, ಕುಡಿತ ಜೂಜುಗಳಿಂದ ದೂರವಿರುವುದು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಯಾಜಕಕಾಂಡದ 19ನೆಯ ಅಧ್ಯಾಯವನ್ನು ತೆರೆದು ನೋಡಿದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. ದೇವರು ಪರಿಶುದ್ಧನಾಗಿರುವುದರಿಂದ ಅವನ ಜನರೂ ಪರಿಶುದ್ಧರಾಗಿರಬೇಕು ಎಂಬ ಆಜ್ಞೆಯಿಂದ ಆ ಅಧ್ಯಾಯ ಶುರುವಾಗುತ್ತದೆ. ಹಾಗೆಂದರೇನು? ಉತ್ತರದಲ್ಲಿ ಪೂಜೆ ಬಲಿಗಳ ಮಾತು ಇದೆ, ನಿಜ. ಅದರ ಬೆನ್ನಿಗೇ ಬೇರೆ ಮಾತುಗಳೂ ಬರುತ್ತವೆ. ಕೊಯ್ಲಿನ ಹೊತ್ತಿನಲ್ಲಿ ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗೂ ಬಿಡಬೇಕು. ಕೂಲಿಯವನ ದುಡ್ಡನ್ನು ಮರುದಿನ ಬೆಳಗಿನ ತನಕ ತಡೆದಿಡಬಾರದು. ಕುರುಡ ಎಡವುವಂತೆ ಮಾಡಬಾರದು. ತಕ್ಕಡಿಯಲ್ಲಿ ಮೋಸ ಕೂಡದು.

ಅಂದರೆ ಪರಿಶುದ್ಧತೆಗೆ ಹೊಲದಲ್ಲಿ, ಅಂಗಡಿಯಲ್ಲಿ, ಬಟವಾಡೆಯ ದಿನ ಕೂಡ ಪರೀಕ್ಷೆ ಇದೆ. ಈ ಮಾತನ್ನು ಓದಿದವರು ಕೋಟ್ಯಂತರ ಜನ. ಅದನ್ನು ತನ್ನ ಅಂಗಿ, ಟೋಪಿ, ಊಟದ ತಟ್ಟೆಯವರೆಗೂ ತಂದುಕೊಂಡವರು ಕೆಲವರು. ಅಂಥವರಲ್ಲಿ ಒಬ್ಬ ಜಾನ್ ವೂಲ್‌ಮನ್. ದೊಡ್ಡ ಪಂಡಿತನಲ್ಲ, ಪಾದ್ರಿಯಲ್ಲ, ಕಸುಬಿನಿಂದ ದರ್ಜಿ.

ವೂಲ್‌ಮನ್ ಹುಟ್ಟಿದ್ದು 1720ರಲ್ಲಿ, ಅಮೆರಿಕದ ನ್ಯೂಜೆರ್ಸಿಯ ಒಂದು ಬೇಸಾಯಗಾರರ ಮನೆಯಲ್ಲಿ. ಆಗ ಅಮೆರಿಕ ಇನ್ನೂ ಇಂಗ್ಲೆಂಡಿನ ವಸಾಹತು. ಅವನ ಮನೆಯವರು ಕ್ವೇಕರ್ ಪಂಥದವರು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್‌ನ ಉಪದೇಶದಿಂದ ಹುಟ್ಟಿದ ಪಂಥ ಇದು. ಇವರ ಸಭೆಗಳಲ್ಲಿ ಪುರೋಹಿತರಿಲ್ಲ, ವೇದಿಕೆಯಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ಯಾರಿಗೆ ಒಳಗಿನಿಂದ ಪ್ರೇರಣೆಯಾಗುತ್ತದೋ ಅವರು ಎದ್ದು ನಾಲ್ಕು ಮಾತು ಆಡುತ್ತಾರೆ. ಪ್ರತಿ ಮನುಷ್ಯನ ಒಳಗೂ ದೇವರ ಬೆಳಕು ಇದೆ ಎಂಬುದು ಅವರ ನಂಬಿಕೆ. ಇಂಥ ನಂಬಿಕೆಯ ಜನರಲ್ಲೂ ಆ ಕಾಲದಲ್ಲಿ ಅನೇಕರು ಆಫ್ರಿಕಾದಿಂದ ತಂದ ಗುಲಾಮರನ್ನು ಇಟ್ಟುಕೊಂಡಿದ್ದರು. ಅದು ಅವರಿಗೆ ವಿಚಿತ್ರವೆನಿಸಿರಲಿಲ್ಲ. ಸುತ್ತ ಎಲ್ಲರೂ ಮಾಡುವ ಕೆಲಸ ಯಾರ ಕಣ್ಣಿಗೂ ಚುಚ್ಚುವುದಿಲ್ಲ.

ವೂಲ್‌ಮನ್ ಇಪ್ಪತ್ತೆರಡು ಇಪ್ಪತ್ಮೂರರ ಹರೆಯದಲ್ಲಿ ಮೌಂಟ್ ಹಾಲಿ ಎಂಬ ಊರಿನ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಒಂದು ದಿನ ಯಜಮಾನ ತಾನು ಮಾರಿದ ಕಪ್ಪು ಹೆಂಗಸಿನ ಕ್ರಯಪತ್ರ ಬರೆಯಲು ಹೇಳಿದ. ಕೊಂಡವನು ಎದುರಿಗೇ ಕಾಯುತ್ತಿದ್ದ; ಅವನೂ ಕ್ವೇಕರ್, ವಯಸ್ಸಾದ ಮರ್ಯಾದಸ್ಥ. ಸಂಬಳಕ್ಕಿರುವ ಹುಡುಗ ಏನು ಮಾಡಿಯಾನು? ಬರೆದುಕೊಟ್ಟ. ಆದರೆ ಮನಸ್ಸು ತಡೆಯಲಿಲ್ಲ. ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಹೊಂದುವುದಿಲ್ಲವೆಂದು ತನ್ನ ನಂಬಿಕೆ ಎಂದು ಇಬ್ಬರ ಮುಂದೆಯೂ ಹೇಳಿದ. ಹೇಳಿದ್ದರಿಂದ ಅಳುಕು ಕೊಂಚ ಇಳಿಯಿತು, ಪೂರ್ತಿ ಹೋಗಲಿಲ್ಲ. ಮುಂದೆ ಮತ್ತೊಬ್ಬ ಅಂಥದೇ ಪತ್ರಕ್ಕಾಗಿ ಬಂದಾಗ ಆಗುವುದಿಲ್ಲವೆಂದ.

ಅವನ ಕೈಬರಹ ಚೆನ್ನಾಗಿತ್ತೋ, ನಂಬಿಕಸ್ಥನೆಂದೋ, ನೆರೆಹೊರೆಯವರು ಉಯಿಲು ಬರೆಸಲು ಅವನ ಹತ್ತಿರ ಬರುತ್ತಿದ್ದರು. ಆಸ್ತಿಯ ಪಟ್ಟಿಯಲ್ಲಿ ಗುಲಾಮರ ಹೆಸರು ಬಂದರೆ ಅವನ ಲೇಖನಿ ನಿಲ್ಲುತ್ತಿತ್ತು. ಒಮ್ಮೆ ಕಾಯಿಲೆಯ ನೆರೆಯವನೊಬ್ಬ ಉಯಿಲು ಬರೆಸಿದ. ವೂಲ್‌ಮನ್ ಉಳಿದದ್ದನ್ನೆಲ್ಲ ಬರೆದು, ಗುಲಾಮ ಹುಡುಗಿಯ ಸಂಗತಿಯನ್ನು ಬಿಟ್ಟು, ಕಾಗದವನ್ನು ಅವನ ಮಂಚದ ಬಳಿ ತಂದು, ಯಾಕೆ ಬಿಟ್ಟೆನೆಂದು ಮೃದುವಾಗಿ ತಿಳಿಸಿದ. ಇಬ್ಬರೂ ಮಾತಾಡಿದರು. ಕೊನೆಗೆ ಆ ಹುಡುಗಿಗೆ ಬಿಡುಗಡೆ ಕೊಡಲು ರೋಗಿ ಒಪ್ಪಿದ. ಉಯಿಲು ಪೂರ್ತಿಯಾಯಿತು.

ಮುಂದೆ ಸ್ವಂತ ಅಂಗಡಿ ಇಟ್ಟ. ವ್ಯಾಪಾರ ಕುದುರಿತು. ಕುದುರಿದ್ದೇ ಅವನಿಗೆ ತೊಡಕಾಯಿತು. ಜನ ಬೇಡದ ಬೆಲೆಯ ಸಾಮಾನುಗಳನ್ನು ಸಾಲಕ್ಕೆ ಕೊಂಡು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ಕಂಡಿದ್ದ. ಬಡ ಗಿರಾಕಿಗಳಿಗೆ ಅಗ್ಗದ, ಬಾಳಿಕೆಯ ವಸ್ತುಗಳನ್ನೇ ಕೊಳ್ಳಿ ಎನ್ನುತ್ತಿದ್ದ. ಕೊನೆಗೆ 1756ರ ಸುಮಾರಿಗೆ, ಬಂದವರನ್ನು ಬೇರೆ ಅಂಗಡಿಗಳಿಗೆ ಕಳಿಸುತ್ತ ವ್ಯಾಪಾರವನ್ನು ಇಳಿಸಿ, ಹೊಲಿಗೆ ಮತ್ತು ಹಣ್ಣಿನ ತೋಟ ಇಷ್ಟರಲ್ಲೇ ಸಂಸಾರ ಸಾಗಿಸಿದ. ಹೆಚ್ಚು ಬೇಕೆಂಬ ಆಸೆಯೇ ಇನ್ನೊಬ್ಬನ ಬೆನ್ನ ಮೇಲೆ ಭಾರವಾಗಿ ಕೂರುತ್ತದೆ ಎಂಬುದು ಅವನ ಅನುಭವದ ತಿಳಿವಳಿಕೆ.

ಈಗ ಅವನ ಪ್ರವಾಸಗಳ ಮಾತು. 1746ರಲ್ಲಿ ಒಮ್ಮೆ, 1757ರಲ್ಲಿ ಮತ್ತೊಮ್ಮೆ ಅವನು ಮೇರಿಲ್ಯಾಂಡ್, ವರ್ಜೀನಿಯಾ, ಉತ್ತರ ಕೆರೊಲಿನಾಗಳಲ್ಲಿ ಕುದುರೆಯ ಮೇಲೆ ಸುತ್ತಿದ. ಅಲ್ಲಿಯ ಕ್ವೇಕರರ ಮನೆಗಳಲ್ಲಿ ಉಳಿದುಕೊಳ್ಳಬೇಕು. ಅಲ್ಲಿ ಅಡುಗೆ ಮಾಡುವವರು, ಹಾಸಿಗೆ ಹಾಸುವವರು ಗುಲಾಮರು. ಉಂಡರೆ ಅವರ ಬಿಟ್ಟಿ ದುಡಿಮೆಯಲ್ಲಿ ಪಾಲು ಪಡೆದಂತೆ. ಉಣ್ಣದೆ ಹೊರಟರೆ ಮನೆಯವರಿಗೆ ಅವಮಾನ, ಮಾತಿನ ಬಾಗಿಲೂ ಮುಚ್ಚುತ್ತದೆ. ಅವನು ಕಂಡುಕೊಂಡ ದಾರಿ ಹೀಗಿತ್ತು: ಚಿಕ್ಕ ಬೆಳ್ಳಿ ನಾಣ್ಯಗಳನ್ನು ಮೊದಲೇ ಜೊತೆಗಿಟ್ಟುಕೊಂಡಿದ್ದ. ಹೊರಡುವ ಮುನ್ನ ಯಜಮಾನನನ್ನೋ ಯಜಮಾನಿಯನ್ನೋ ಪಕ್ಕಕ್ಕೆ ಕರೆದು, ಇದನ್ನು ನಿಮ್ಮ ಆಳುಗಳಿಗೆ ಕೊಡಿ ಎನ್ನುತ್ತಿದ್ದ. ಕೆಲವೊಮ್ಮೆ ತಾನೇ ಅವರ ಕೈಗೆ ಕೊಡುತ್ತಿದ್ದ. ಶ್ರೀಮಂತರ ಮುಂದೆ ಹೀಗೆ ಕಾಸು ಹಿಡಿದು ನಿಲ್ಲುವುದು ಅವನಿಗೆ ಬಹಳ ಮುಜುಗರದ ಕೆಲಸವಾಗಿತ್ತು. ಆದರೂ ಬಿಡಲಿಲ್ಲ. ಹೆಚ್ಚಿನವರು ಸ್ವಲ್ಪ ಮಾತಿನ ನಂತರ ತೆಗೆದುಕೊಂಡರು.

ನನಗೆ ಮುಖ್ಯವೆನಿಸುವುದು ಇದು. ನಮ್ಮಲ್ಲಿ ಮಡಿ ಎಂದರೆ ದೂರ ನಿಲ್ಲುವುದು, ಮುಟ್ಟಿಸಿಕೊಳ್ಳದಿರುವುದು. ತಾನು ಕೊಳೆಯಾಗದಿದ್ದರೆ ಸಾಕು ಎಂಬ ಈ ಎಚ್ಚರ ಎಲ್ಲ ಧರ್ಮಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ವೂಲ್‌ಮನ್ ಗುಲಾಮರ ಒಡೆಯರಿಂದ ದೂರ ನಿಲ್ಲಲಿಲ್ಲ. ಅವರ ಮನೆಗೇ ಹೋದ, ಅವರ ಪಕ್ಕದಲ್ಲೇ ಕುಳಿತ, ಅವರ ಪಾಪವನ್ನು ಪಾಪವೆಂದ, ಅವರನ್ನು ಹಗೆಗಳೆನ್ನಲಿಲ್ಲ. ಅವನಿಗಿಂತ ಮೊದಲೇ ಬೆಂಜಮಿನ್ ಲೇ ಎಂಬ ಇನ್ನೊಬ್ಬ ಕ್ವೇಕರ್ ಇದೇ ಅನ್ಯಾಯವನ್ನು ಬೆಂಕಿಯಂತೆ ಖಂಡಿಸಿದ್ದ. 1738ರಲ್ಲಿ ಸಭೆಯ ನಡುವೆ ಕೆಂಪು ರಸ ತುಂಬಿದ ಚೀಲವನ್ನು ಕತ್ತಿಯಿಂದ ಇರಿದು ಗುಲಾಮರ ಒಡೆಯರ ಮೇಲೆ ಚೆಲ್ಲಿದ್ದ. ಪಂಥ ಅವನನ್ನು ಹೊರಗೆ ಹಾಕಿತು. ಲೇ ಹೇಳಿದ್ದು ಸುಳ್ಳಲ್ಲ. ಅವನ ಕೂಗೂ ಬೇಕಾಗಿತ್ತು. ಆದರೆ ಮನೆಮನೆಯ ಬಾಗಿಲು ತೆರೆಸಿದ್ದು ವೂಲ್‌ಮನ್‌ನ ಮೆಲುದನಿ.

1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆಯಲ್ಲಿ ಈ ವಿಷಯ ಬಂತು. ಈಗ ಬೇಡ, ಕಾಲವೇ ದಾರಿ ತೋರಿಸುತ್ತದೆ ಎಂದವರು ಹಲವರು. ವೂಲ್‌ಮನ್ ಎದ್ದು, ಕೆಲವರ ಲಾಭವನ್ನು ಕಾಯಲು ಕರ್ತವ್ಯವನ್ನು ಮುಂದಕ್ಕೆ ಹಾಕುವ ಹೊತ್ತು ಇದಲ್ಲ ಎಂದ. ಇನ್ನು ಮುಂದೆ ಗುಲಾಮರನ್ನು ಕೊಂಡು ಮಾರುವವರಿಗೆ ಪಂಥದ ವ್ಯವಹಾರಗಳಲ್ಲಿ ಸ್ಥಾನವಿಲ್ಲವೆಂದೂ, ಗುಲಾಮರಿರುವ ಮನೆಗಳಿಗೆ ಹೋಗಿ ತಿಳಿಹೇಳಬೇಕೆಂದೂ ಸಭೆ ತೀರ್ಮಾನಿಸಿತು. ಹಾಗೆ ಮನೆಮನೆಗೆ ಹೋದವರಲ್ಲಿ ವೂಲ್‌ಮನ್ ಮುಂದಾಳು. ಹದಿನೆಂಟು ವರ್ಷಗಳ ನಂತರ, 1776ರಲ್ಲಿ, ಅದೇ ಸಭೆ ಗುಲಾಮರನ್ನು ಇಟ್ಟುಕೊಂಡವರು ಸದಸ್ಯರಾಗಿರುವಂತಿಲ್ಲ ಎಂದು ವಿಧಿಸಿತು. ಆಂಥೊನಿ ಬೆನೆಜೆಟ್‌ನಂಥ ಜೊತೆಗಾರರ ಶ್ರಮವೂ ಇದರಲ್ಲಿ ಸೇರಿತ್ತು. ಅಮೆರಿಕ ದೇಶಕ್ಕೆ ಅಷ್ಟು ದೂರ ಬರಲು 1865ರವರೆಗೆ, ಒಂದು ಭೀಕರ ಯುದ್ಧ ಮುಗಿಯುವವರೆಗೆ ಕಾಯಬೇಕಾಯಿತು.

ಹೊರಗಿನ ಹೋರಾಟದ ಜೊತೆಗೆ ಒಳಗಿನ ಲೆಕ್ಕಾಚಾರವೂ ನಡೆದೇ ಇತ್ತು. ಅಂಗಡಿಯಲ್ಲಿ ಹಿಂದೆ ವೆಸ್ಟ್ ಇಂಡೀಸಿನ ರಮ್, ಸಕ್ಕರೆ, ಕಾಕಂಬಿ ಮಾರಿದ್ದ. ಅವೆಲ್ಲ ಗುಲಾಮರ ಬೆವರಿನಿಂದ ಬಂದವು ಎಂಬುದು ಕ್ರಮೇಣ ಅವನ ಮನಸ್ಸಿಗೆ ಭಾರವಾಗಿ, ಸಕ್ಕರೆ ತಿನ್ನುವುದನ್ನು ಬಿಟ್ಟ. 1760ರ ದಶಕದ ಆರಂಭದಲ್ಲಿ ಬಣ್ಣದ ಬಟ್ಟೆಯನ್ನೂ ಬಿಟ್ಟ. ಬಣ್ಣ ಕೊಳೆಯನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ಬಟ್ಟೆ ನಿಜವಾಗಿ ಚೊಕ್ಕಟವಾಗಿರಲಿ ಎಂಬುದು ಅವನು ಬರೆದಿಟ್ಟ ಕಾರಣ. ಆ ಕಾಲದಲ್ಲಿ ದಕ್ಷಿಣ ಕೆರೊಲಿನಾದಿಂದ ಬರುತ್ತಿದ್ದ ನೀಲಿಯೂ ಗುಲಾಮರ ದುಡಿಮೆಯದೇ. ಇದ್ದ ಬಟ್ಟೆಗಳನ್ನು ಅವನು ಬಿಸಾಡಲಿಲ್ಲ, ಇನ್ನಷ್ಟು ತಿಂಗಳು ತೊಟ್ಟು ಸವೆಸಿದ. ಆಮೇಲೆ ಟೋಪಿಯನ್ನೂ ತುಪ್ಪಟದ ಸಹಜ ಬಣ್ಣದಲ್ಲೇ ಮಾಡಿಸಿಕೊಂಡ. ತಮಾಷೆಯೆಂದರೆ ಆಗ ಷೋಕಿಯ ಜನರಲ್ಲಿ ಬಿಳಿ ಟೋಪಿಯ ಚಾಳಿ ಬಂದಿತ್ತು. ಇವನೂ ಷೋಕಿಗೆ ಬಿದ್ದನೆಂದು ಕೆಲವರು ಅಂದುಕೊಂಡರು. ಹಳೆಯ ಸ್ನೇಹಿತರು ಮುಖ ತಿರುಗಿಸಿದರು. ಅವನು ಅದನ್ನೂ ನುಂಗಿಕೊಂಡ.

1770ರಲ್ಲಿ ಕಾಯಿಲೆಯಿಂದ ಸಾಯುವ ಸ್ಥಿತಿಯಲ್ಲಿದ್ದಾಗ ಅವನಿಗೊಂದು ದರ್ಶನವಾಯಿತಂತೆ. ಗಣಿಯೊಂದರಲ್ಲಿ ಬಡವರು ಕ್ರೈಸ್ತರೆನಿಸಿಕೊಂಡವರಿಗಾಗಿ ಸಂಪತ್ತು ಅಗೆಯುತ್ತಿದ್ದಾರೆ. ಅಗೆಯುತ್ತ ಕ್ರಿಸ್ತನನ್ನೇ ಶಪಿಸುತ್ತಿದ್ದಾರೆ. ನಮ್ಮನ್ನು ಹೀಗೆ ದುಡಿಸುವವರು ಕ್ರಿಸ್ತನ ಮಾತಿನಂತೆ ನಡೆಯುವವರಾದರೆ ಆ ಕ್ರಿಸ್ತನೂ ಕ್ರೂರಿಯೇ ಇರಬೇಕು ಎಂಬುದು ಅವರ ತರ್ಕ. ಗುಣವಾದ ಮೇಲೆ ವೂಲ್‌ಮನ್‌ನಿಂದ ಬೆಳ್ಳಿಯ ಪಾತ್ರೆ ಮುಟ್ಟಲಾಗಲಿಲ್ಲ. ಒಂದು ಮನೆಯಲ್ಲಿ ಬೆಳ್ಳಿ ಲೋಟದಲ್ಲಿ ಕುಡಿಯಲು ಕೊಟ್ಟಾಗ ಅಳುತ್ತಲೇ ಕಾರಣ ಹೇಳಿದ. ಮನೆಯವನು ಬೇರೆ ಲೋಟ ತರಿಸಿದ.

ಆ ಗಣಿಯ ಜನ ಬೈಬಲ್ ಓದಿದವರಲ್ಲ. ಅವರ ಪಾಲಿಗೆ ಕ್ರಿಸ್ತ ಎಂದರೆ ಕ್ರೈಸ್ತ ಒಡೆಯ ನಡೆದುಕೊಂಡ ರೀತಿ, ಅಷ್ಟೆ. ಭಕ್ತನ ನಡತೆಯಿಂದ ದೇವರಿಗೇ ಕೆಟ್ಟ ಹೆಸರು ಬರಬಹುದು ಎಂಬ ಈ ಹೆದರಿಕೆ ವೂಲ್‌ಮನ್‌ನ ಪಾವಿತ್ರ್ಯದ ತಿರುಳು.

1772ರಲ್ಲಿ ಅವನು ಇಂಗ್ಲೆಂಡಿಗೆ ಹೋದ. ಹಡಗಿನ ಕ್ಯಾಬಿನ್ನಿನ ಕೆತ್ತನೆ ಅಲಂಕಾರಗಳು ದುಂದೆನಿಸಿ ಕೆಳಗೆ ನಾವಿಕರ ಜೊತೆ ಮಲಗಿದ. ಅಲ್ಲಿ ಕುದುರೆ ಗಾಡಿಗಳ ವೇಗಕ್ಕೆ ಕುದುರೆಗಳು ಸಾಯುವುದನ್ನೂ, ಚಳಿಯ ರಾತ್ರಿಗಳಲ್ಲಿ ಗಾಡಿಯ ಹುಡುಗರು ಹೆಪ್ಪುಗಟ್ಟುವುದನ್ನೂ ಕೇಳಿ ನಡೆದೇ ಹೊರಟ. ಯಾರ್ಕ್ ನಗರದಲ್ಲಿ ಸಿಡುಬು ತಗಲಿ ಅಕ್ಟೋಬರ್ 7ರಂದು ತೀರಿಕೊಂಡ. ಅವನ ದಿನಚರಿ 1774ರಲ್ಲಿ ಅಚ್ಚಾಯಿತು. ಇಂದಿಗೂ ಓದುಗರನ್ನು ಕಳೆದುಕೊಂಡಿಲ್ಲ.

ಒಬ್ಬ ದರ್ಜಿ ಸಕ್ಕರೆ ಬಿಟ್ಟರೆ ತೋಟದ ಒಡೆಯನಿಗೇನು ನಷ್ಟ ಎಂದು ಕೇಳಬಹುದು. ಏನೂ ಇಲ್ಲ. ಆದರೆ ಸಕ್ಕರೆ ಬಿಟ್ಟವನು ಮಾತಾಡಿದಾಗ ಕೇಳಿದವರಿಗೆ ತಪ್ಪಿಸಿಕೊಳ್ಳಲು ನೆಪ ಸಿಗಲಿಲ್ಲ. ನಡೆ ನುಡಿ ಒಂದಾಗಬೇಕು ಎಂದು ನಾವು ಹೇಳುವುದರ ಬಲ ಅದೇ.

2013ರಲ್ಲಿ ಢಾಕಾದ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದು ಸಾವಿರದ ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಸಿದ್ಧ ಉಡುಪು ಹೊಲಿಯುತ್ತಿದ್ದ ಹೆಂಗಸರು. ಅವರು ಹೊಲಿದ ಬಟ್ಟೆ ದೂರದೇಶಗಳ ಅಂಗಡಿಗಳಿಗೆ ಹೋಗುತ್ತಿತ್ತು. ತೊಟ್ಟವರು ಅದರಲ್ಲೇ ಪ್ರಾರ್ಥನೆಗೂ ಹೋಗಿದ್ದಾರು. ಅವರು ಕೆಟ್ಟವರಲ್ಲ, ತಿಳಿಯದವರು. ವೂಲ್‌ಮನ್ ಮಾಡಿದ್ದಿಷ್ಟೆ: ತಿಳಿದುಕೊಳ್ಳಲು ಹೊರಟ, ತಿಳಿದಷ್ಟನ್ನು ನಡೆಸಿದ. ಎಲ್ಲರಿಗೂ ಅವನಷ್ಟು ದೂರ ಹೋಗುವುದು ಸಾಧ್ಯವಿಲ್ಲ. ಕೂಲಿಯವನ ದುಡ್ಡನ್ನು ಅಂದೇ ಸಂಜೆ ಕೊಡುವುದು ಎಲ್ಲರಿಗೂ ಸಾಧ್ಯ. ಯಾಜಕಕಾಂಡ ಕೇಳಿದ್ದೂ ಅದನ್ನೇ.