ಜೇಬಿನೊಳಗಿನ ಹಿಟ್ಟಿನ ಕೋಳಿ

ಇಂಡಿಯ ಲಿಂಬೆ ತೋಟದಲ್ಲಿ, ಸಿಂದಗಿಯ ತೊಗರಿ ಅಂಗಡಿಯಲ್ಲಿ, ಮುದ್ದೇಬಿಹಾಳದ ಬಟ್ಟೆ ಅಂಗಡಿಯಲ್ಲಿ, ಬಸವನ ಬಾಗೇವಾಡಿಯ ಕಿರಾಣಿ ಅಂಗಡಿಯಲ್ಲಿ ಚಾಕು ಇಲ್ಲದೆ ದಿನ ಸಾಗದು. ಸುತಳಿ ಕೊಯ್ಯಬೇಕು, ಚೀಲದ ಬಾಯಿ ಬಿಚ್ಚಬೇಕು, ಗಿರಾಕಿಗೆ ಲಿಂಬೆ ಹೋಳು ಮಾಡಿ ರಸ ತೋರಿಸಬೇಕು. ಈ ಚಾಕುವಿನ ವಿಷಯದಲ್ಲಿ ಯಾವ ಶ್ರಾವಕನೂ ಸಂಕೋಚಪಡಬೇಕಾಗಿಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ತ್ಯಜಿಸಬೇಕು, ಉಳಿದವುಗಳಲ್ಲಿ ಎಚ್ಚರದಿಂದಿರಬೇಕು ಎಂದು ಹೇಳುವ ಜೈನಾಚಾರವು ದುಡಿಮೆಯ ಉಪಕರಣವನ್ನು ಎಂದೂ ಹಳಿದಿಲ್ಲ. ಬಸವಣ್ಣನವರು ಹುಟ್ಟಿದ ಊರಿನ ನೆರೆಹೊರೆಯಲ್ಲಿ ಬಾಳುವವರಿಗಂತೂ ಕಾಯಕದ ಉಪಕರಣದ ಗೌರವವನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೆ ಈಗ ಚರ್ಚೆಗೆ ಬಂದಿರುವ ಚಾಕು ಬೇರೆ. ಅದು ಅಂಗಡಿಯ ಮೊಳೆಗೆ ತೂಗುವುದಿಲ್ಲ. ಪ್ಯಾಂಟಿನ ಜೇಬಿನ ಅಂಚಿಗೆ ಕ್ಲಿಪ್ಪಿನಿಂದ ಕಚ್ಚಿಕೊಂಡಿರುತ್ತದೆ. ಹೆಬ್ಬೆರಳಿನ ಒಂದು ತಳ್ಳುವಿಕೆಗೆ ಅಲಗು ಹೊರಚಿಮ್ಮುತ್ತದೆ. ಅದನ್ನು ಬಸ್ಸಿನಲ್ಲಿ, ಮದುವೆಯಲ್ಲಿ, ಕೆಲವೊಮ್ಮೆ ಬಸದಿಯ ಮೆಟ್ಟಿಲಿನವರೆಗೂ ಒಯ್ಯಲಾಗುತ್ತದೆ. ಕೊಳ್ಳುವ ತರುಣರು ಅದನ್ನು ಒರೆಗೆ ಹಚ್ಚುವ ರೀತಿಯೂ ಗಮನಾರ್ಹ: ಉಕ್ಕು ಯಾವುದು, ಎಷ್ಟು ಗಡಸು, ಎಷ್ಟು ದಿನ ಮೊನಚು ನಿಲ್ಲುತ್ತದೆ, ಬೀಗ ಎಷ್ಟು ಗಟ್ಟಿ, ಎಷ್ಟು ಬೇಗ ತೆರೆಯುತ್ತದೆ. ಇವೆಲ್ಲ ಕೇಳತಕ್ಕ ಪ್ರಶ್ನೆಗಳೇ. ಆದರೆ ಇವಕ್ಕಿಂತ ಮೊದಲು ಕೇಳಬೇಕಾದುದೊಂದಿದೆ. ಇಂದು ಬೆಳಗ್ಗೆ ಮನೆ ಬಿಟ್ಟಾಗ ಇದರಿಂದ ಕೊಯ್ಯಬೇಕಾದುದು ಏನಿತ್ತು?

ಉತ್ತರವಾಗಿ ಮೊದಲು ಲಿಂಬೆಹಣ್ಣು ಬರುತ್ತದೆ. ಪಾಪ, 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿಯ ಲಿಂಬೆಗೆ ಈ ಹೊಸ ಹೊರೆಯೂ ಬಂದಿತು! ತುಸು ಒತ್ತಾಯಿಸಿದರೆ ಲಿಂಬೆ ಹಿಂದೆ ಸರಿದು ಎರಡನೆಯ ಉತ್ತರ ಮುಂದೆ ಬರುತ್ತದೆ: ‘ಒಂದು ವೇಳೆ ಯಾರಾದರೂ ಮೈಮೇಲೆ ಬಂದರೆ?’ ಚಾಕು ಕೊಂಡದ್ದು ಈ ‘ಒಂದು ವೇಳೆ’ಗಾಗಿಯೇ. ಬರದಿರುವ ಕಳ್ಳನನ್ನು ಮನಸ್ಸಿನಲ್ಲಿ ಕರೆದು, ಅವನ ಎದುರು ಅಲಗು ತೆರೆದು, ಅವನನ್ನು ಹಿಮ್ಮೆಟ್ಟಿಸುವ ಆಟ ದಿನಕ್ಕೆ ಎಷ್ಟೋ ಸಲ ನಡೆಯುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಹಿಂಸಾದಾನದ ಜೊತೆಗೆ ಅಪಧ್ಯಾನವೂ ಸೇರಿದೆ. ಪರರಿಗೆ ಕೇಡಾಗುವುದನ್ನು ನೆನೆದು ಕೂರುವುದೇ ಅಪಧ್ಯಾನ. ಅದಕ್ಕೆ ಹೊರಗಿನ ವಸ್ತುವಿನ ಆಸರೆ ಬೇಕಿಲ್ಲ. ಇದ್ದರಂತೂ ಅದು ಬೆಳೆಯುವುದು ಸುಲಭ.

ಜನ್ನ ಕವಿಯ ಯಶೋಧರ ಚರಿತೆಯನ್ನು ಇಲ್ಲಿ ನೆನೆಯಬೇಕು. ರಾಣಿಯ ದ್ರೋಹವನ್ನು ಕಣ್ಣಾರೆ ಕಂಡ ಯಶೋಧರನು ಎತ್ತಿದ ಕತ್ತಿಯನ್ನು ತಡೆದುಕೊಂಡ. ಆಮೇಲೆ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ. ಕಡಿದದ್ದು ಹಿಟ್ಟನ್ನು, ರಕ್ತ ಹರಿಯಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ತೊಳಲಿದರು. ಸಂಕಲ್ಪ ಪೂರ್ಣವಾಗಿದ್ದರೆ ಎದುರಿಗಿರುವುದು ಹಿಟ್ಟೋ ಜೀವವೋ ಎಂಬುದು ಹಿರಿದಾಗುವುದಿಲ್ಲ. ಜೇಬಿನಲ್ಲಿ ಚಾಕು ಸವರುತ್ತ ಕಾಲ್ಪನಿಕ ವೈರಿಯೊಡನೆ ಕಾದುವವನು ದಿನವೂ ಒಂದು ಹಿಟ್ಟಿನ ಕೋಳಿಯನ್ನು ಕಡಿಯುತ್ತಿರುತ್ತಾನೆ.

ಇದಕ್ಕೆ ಎದುರಾಗಿ ಚಾವುಂಡರಾಯನನ್ನು ನಿಲ್ಲಿಸುವವರಿದ್ದಾರೆ. ಗೊಮ್ಮಟನನ್ನು ಕಡೆಯಿಸಿದವನು ಸೇನಾಪತಿಯಲ್ಲವೆ, ಅವನ ಸೊಂಟದಲ್ಲಿ ಕತ್ತಿಯಿರಲಿಲ್ಲವೆ, ವಿರೋಧೀ ಹಿಂಸೆ ಗೃಹಸ್ಥನಿಗೆ ಕ್ಷಮ್ಯವಲ್ಲವೆ ಎಂಬುದು ಅವರ ವಾದ. ಇತ್ತು, ಹೌದು. ಆದರೆ ಆ ಕತ್ತಿ ಗಂಗರ ರಾಜ್ಯದ ಹೊಣೆಯೊಂದಿಗೆ ಬಂದುದು. ಶ್ರಾವಕರ ಮತ್ತು ಮುನಿಗಳ ಆಚಾರವನ್ನು ವಿವರಿಸುವ ಚಾರಿತ್ರಸಾರವೂ ಅವನ ಹೆಸರಿನಲ್ಲಿಯೇ ಇದೆ. ರಾಜ್ಯವನ್ನು ಕಾಯುವ ಹೊಣೆ ಹೊತ್ತವನ ಆಯುಧವನ್ನು, ಸಂತೆಗೆ ಹೋಗುವವನ ಶೋಕಿಗೆ ಸಾಕ್ಷಿಯಾಗಿ ಕರೆಯುವುದು ಚಾವುಂಡರಾಯನಿಗೆ ಮಾಡುವ ಗೌರವವಲ್ಲ.

ಲೌಕಿಕವಾಗಿಯೂ ಈ ಲೆಕ್ಕ ತಪ್ಪು. 1959ರ ಆಯುಧ ಕಾಯ್ದೆಯು ಕೇವಲ ಮನೆಯ ಅಥವಾ ಒಕ್ಕಲುತನದ ಬಳಕೆಗಾಗಿ ರೂಪಿಸಿದ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕಾನೂನು ಕೂಡ ಮೊದಲು ಉದ್ದೇಶವನ್ನೇ ಕೇಳುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇಕೆಂದೇ ಮಾಡಿದ ಸಾಮಾನ್ಯ ಗಾಯಕ್ಕೆ 1 ವರ್ಷದವರೆಗೆ ಸೆರೆವಾಸವಿದ್ದರೆ, ಅದೇ ಗಾಯವನ್ನು ಇರಿಯುವ ಅಥವಾ ಕೊಯ್ಯುವ ಸಾಧನದಿಂದ ಮಾಡಿದಾಗ ಅದು 3 ವರ್ಷಗಳವರೆಗೆ ಏರುತ್ತದೆ. ಬಸ್ ನಿಲ್ದಾಣದ ಸೀಟಿನ ಜಗಳ ಕೈಕೈ ಮಿಲಾಯಿಸಿ ಮುಗಿದುಹೋಗಬಹುದು. ಜೇಬಿನಲ್ಲಿ ಚಾಕು ಇದ್ದರೆ ಅದೇ ಜಗಳ ಆಸ್ಪತ್ರೆಗೂ ಕೋರ್ಟಿಗೂ ಹೋಗುತ್ತದೆ. ಎದುರಾಳಿಯು ಅದನ್ನೇ ಕಸಿದುಕೊಳ್ಳುವ ಸಂಭವವನ್ನು ಕೊಳ್ಳುವವರು ಎಣಿಸುವುದೇ ಇಲ್ಲ.

ಇನ್ನೊಂದು ಪಕ್ಷವೂ ಇದೆ. ಜೈನನು ಚಾಕುವನ್ನು ಮುಟ್ಟಲೇಬಾರದೆಂದು ಇವರು ಹೇಳುತ್ತಾರೆ. ಆದರೆ ಹೆಚ್ಚಿದ ಹಣ್ಣು ತಟ್ಟೆಗೆ ಬಂದಾಗ ಬೇಡವೆನ್ನುವುದಿಲ್ಲ. ಆಳಿನ ಕೈಯಲ್ಲಿ ಕುಡಗೋಲು ಕೊಟ್ಟು ತಾನು ಕೈತೊಳೆದುಕೊಂಡೆನೆಂದು ತಿಳಿಯುವುದು ಅಹಿಂಸೆಯಲ್ಲ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರನ್ನೂ ಶಾಸ್ತ್ರ ಒಟ್ಟಿಗೆ ಎಣಿಸಿದೆ. ಮುನಿಗಳ ಆಹಾರಕ್ಕಾಗಿ ಹಣ್ಣನ್ನು ಹೆಚ್ಚಿ ಪ್ರಾಸುಕ ಮಾಡುವ ತಾಯಂದಿರ ಕೈಯಲ್ಲಿಯೂ ಚಾಕುವೇ ಇರುತ್ತದೆ.

ಆದುದರಿಂದ ಕೆಲಸವುಳ್ಳವನು ಚಾಕುವನ್ನು ಹೇಗೆ ಆರಿಸಬೇಕೆಂಬುದನ್ನು ಹೇಳದೆ ಬಿಡುವಂತಿಲ್ಲ. ಸುತಳಿಗೂ ಹಣ್ಣಿಗೂ 3 ಅಂಗುಲದೊಳಗಿನ ಅಲಗು ಬೇಕಾದಷ್ಟು. ತುದಿ ಚೂಪಾಗಿರಬೇಕಾಗಿಲ್ಲ. ತೆರೆದ ಅಲಗನ್ನು ಹಿಡಿದಿಡುವ ಬೀಗವನ್ನು ದೂರಬೇಡಿ. ಅಲಗು ಮಡಚಿ ಬಿದ್ದು ಬೆರಳು ಕೊಯ್ಯದಂತೆ ಅದು ಕಾಯುತ್ತದೆ. ದೂರಬೇಕಾದುದು ಒಂದೇ ಕೈಯಿಂದ ಚಿಮ್ಮುವ ಏರ್ಪಾಡನ್ನು. ಅಲಗಿನ ಮೇಲೆ ಉಗುರು ತೂರಿಸುವಷ್ಟು ಗೀರು ಇದ್ದು, ಎರಡೂ ಕೈ ಹಾಕಿ ತೆರೆಯಬೇಕಾದ ಹಳೆಯ ಮಾದರಿಯೇ ಶ್ರಾವಕನಿಗೆ ತಕ್ಕುದು. ಸಿಟ್ಟಿನ ಗಳಿಗೆಯಲ್ಲಿ ಆ ಎರಡನೆಯ ಕೈ ಬರುವಷ್ಟು ತಡವೂ ಉಪಕಾರಿಯೇ. ಉಪಕರಣಗಳನ್ನು ಜೋಡಿಸಿ ಸಿದ್ಧವಾಗಿ ಇಟ್ಟುಕೊಳ್ಳುವುದನ್ನು ಶ್ವೇತಾಂಬರ ಪರಂಪರೆಯು ಸಂಯುಕ್ತಾಧಿಕರಣವೆಂಬ ಅತಿಚಾರವಾಗಿ ಎಣಿಸಿದೆ. ಪ್ರಯೋಜನ ನೋಡದೆ ಮಾಡುವ ಅತಿಯನ್ನು ತತ್ತ್ವಾರ್ಥಸೂತ್ರವು ಅಸಮೀಕ್ಷ್ಯಾಧಿಕರಣವೆಂದಿದೆ. ಚಿಮ್ಮುವ ಚಾಕುವಿಗೆ ಎರಡೂ ಹೆಸರು ಒಪ್ಪುತ್ತವೆ.

ಹಿಡಿಯನ್ನು ನೋಡದೆ ಕೊಳ್ಳುವವರು ಹಲವರು. ಜಿಂಕೆಯ ಕೊಂಬು, ಒಂಟೆಯ ಮೂಳೆ, ಎಮ್ಮೆಯ ಕೋಡು ಇವುಗಳಿಂದ ಹಿಡಿ ಮಾಡುವ ರೂಢಿ ಚಾಕುಗಳಲ್ಲಿ ಹಳೆಯದು. ಹೊರಗಿನ ಚೀಲವು ಚರ್ಮದ್ದಾಗಿರುವುದು ಸಾಮಾನ್ಯ. ಉಕ್ಕಿನ ಹೆಸರನ್ನು ಬಾಯಿಪಾಠ ಮಾಡಿದವನಿಗೆ ತನ್ನ ಮುಷ್ಟಿಯಲ್ಲಿರುವುದು ಯಾವ ಪ್ರಾಣಿಯ ಅವಯವವೆಂದು ತಿಳಿಯದಿರುವುದು ನಾಚಿಕೆಯ ಸಂಗತಿ. ಮರದ್ದೋ ಪ್ಲಾಸ್ಟಿಕ್ಕಿನದೋ ಇರಲಿ, ಕೇಳಿ ಖಚಿತಪಡಿಸಿಕೊಂಡೇ ಕೊಳ್ಳಲಿ.

ಇನ್ನು ಮಡಚುವ ಚಾಕುವಿನ ನಿಜವಾದ ದೋಷ ಅದರ ಹೊಟ್ಟೆಯಲ್ಲಿದೆ. ಅಲಗು ಕೂರುವ ಸೀಳಿನಲ್ಲಿ ಹಣ್ಣಿನ ರಸ, ಬೆಲ್ಲದ ಅಂಟು, ಧೂಳು ಸೇರುತ್ತವೆ. ತೇವ ನಿಂತಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆಂದು ಆಗಮ ಹೇಳುತ್ತದೆ. ಆಗಮವನ್ನು ಬದಿಗಿಟ್ಟರೂ ಇರುವೆ ಒಳಹೊಕ್ಕುದು ಕಣ್ಣಿಗೆ ಕಾಣುತ್ತದೆ. ನೋಡದೆ ಅಲಗು ಮಡಚಿದರೆ ಅದು ಅಲ್ಲಿಯೇ ಅರೆದುಹೋಗುತ್ತದೆ. ಉಮಾಸ್ವಾತಿಗಳು ಹಿಂಸೆಯ ವ್ಯಾಖ್ಯೆಯಲ್ಲಿ ಪ್ರಮಾದವನ್ನು ಮುಂದಿಟ್ಟುದು ಇಂಥ ಗಳಿಗೆಗೂ ಸಲ್ಲುತ್ತದೆ. ಬೆನ್ನು ತೆರೆದಿರುವ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವ ಹಿಡಿಯುಳ್ಳ ಚಾಕು ಈ ದೃಷ್ಟಿಯಿಂದ ಮೇಲು. ಲಿಂಬೆಯ ಹುಳಿ ಸಾದಾ ಉಕ್ಕನ್ನು ಬೇಗ ಕಪ್ಪಾಗಿಸಿ ತುಕ್ಕು ಹಿಡಿಸುವುದರಿಂದ ಇಂಡಿಯ ಕಡೆಯವರಿಗೆ ಸ್ಟೇನ್‌ಲೆಸ್ ಉಕ್ಕೇ ಅನುಕೂಲ. ಸಾಣೆಯನ್ನು ಉದಾಸೀನ ಮಾಡಬಾರದು. ಮೊಂಡು ಅಲಗಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಅದು ಜಾರುವುದು.

ಯಾರೋ ಬಂದು ‘ತುಸು ಕೊಡ್ರಿ’ ಎಂದು ಕೈಚಾಚಿದರೆ ಏನು ಮಾಡಬೇಕು? ಏತಕ್ಕೆಂದು ಕೇಳುವುದು ಸಂಕೋಚವೆನಿಸಬಹುದು. ಆದರೂ ಕೇಳಬೇಕು; ಕೇಳದೆ ಕೊಟ್ಟರೆ ಅದು ಹಿಂಸಾದಾನದ ಹೊಸ್ತಿಲು. ಕೇಳುವುದು ಕಷ್ಟವೆನಿಸಿದರೆ ಸುತಳಿಯನ್ನು ತಾನೇ ಕೊಯ್ದು ಕೊಡಲಿ. ಸಂಜೆ ಅಂಗಡಿಯ ಬಾಗಿಲು ಹಾಕುವ ಮೊದಲು ಅಲಗನ್ನೂ ಸೀಳನ್ನೂ ಒಣಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮಡಚಿ, ಚಾಕುವನ್ನು ಗಲ್ಲೆಯಲ್ಲಿಟ್ಟು ಬರಿಯ ಜೇಬಿನಲ್ಲಿ ಮನೆಗೆ ನಡೆಯಲಿ.