ತಕ್ಕಡಿಗೆ ಮುದ್ರೆ ಉಂಟು. ದವಾಖಾನೆಯ ಬಿಲ್ಲಿಗೆ ಏಕಿಲ್ಲ?

ಕಿರಾಣಿ ಅಂಗಡಿಯವನ ತಕ್ಕಡಿಯನ್ನು ಸರಕಾರ ಸುಮ್ಮನೆ ನಂಬುವದಿಲ್ಲ. ವರ್ಷಕ್ಕೊಮ್ಮೆ ಅವನು ತನ್ನ ಎಲೆಕ್ಟ್ರಾನಿಕ್ ತಕ್ಕಡಿಯನ್ನು ತೂಕ-ಅಳತೆ ಇಲಾಖೆಯವರ ಮುಂದಿಟ್ಟು ಫೀ ತುಂಬಿ ಮುದ್ರೆ ಹಾಕಿಸಬೇಕು. ಅವನು ಮಾರುವ ಬಿಸ್ಕೀಟಿನ ಪುಡಿಕೆಯ ಮೇಲೆ ತೂಕ, ತಯಾರಾದ ತಿಂಗಳು, ತಯಾರಿಸಿದವರ ಹೆಸರು, ಗರಿಷ್ಠ ಬೆಲೆ ಇವೆಲ್ಲ ಅಚ್ಚಾಗಿರಬೇಕು. ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೆ ದಂಡ. ಇದು ಅನ್ಯಾಯವೆಂದು ನಾವು ಹೇಳುವದಿಲ್ಲ. ಕೊಳ್ಳುವವನಿಗೆ ಮೋಸವಾಗಬಾರದೆಂಬದು ಸರಿಯಾದ ನ್ಯಾಯವೇ. ಆದರೆ ಅದೇ ಅಂಗಡಿಯವನು, ಅಥವಾ ಅವನ ಅಂಗಡಿಯಲ್ಲಿ ಉದ್ರಿ ಬರೆಸುವ ಗಿರಣಿ ಕಾಮಗಾರನು, ಮನೆಯವರನ್ನು ಖಾಸಗಿ ದವಾಖಾನೆಯಿಂದ ಬಿಡಿಸಿಕೊಂಡು ಬರುವ ದಿನ ಅವನ ಕೈಗೆ ಬರುವ ಕಾಗದವನ್ನು ಯಾರು ತೂಗಿ ನೋಡಿದ್ದಾರೆ? ಅದರಲ್ಲಿ ‘ಕನ್ಸ್ಯೂಮೇಬಲ್ಸ್’ ಎಂದು ಒಂದು ಸಾಲು, ‘ಮಿಸಲೇನಿಯಸ್’ ಎಂದು ಇನ್ನೊಂದು ಸಾಲು. ಹತ್ತು ರೂಪಾಯಿಯ ಬಿಸ್ಕೀಟಿಗೆ ಇರುವ ಕಾವಲು ಲಕ್ಷ ರೂಪಾಯಿಯ ಬಿಲ್ಲಿಗೆ ಇಲ್ಲ.

ಕೊರೋನಾ ಸಾಂಕ್ರಾಮಿಕದ ೨೦೨೦ರಿಂದ ೨೦೨೨ರ ವರೆಗಿನ ಕಾಲದಲ್ಲಿ ಈ ಪ್ರಶ್ನೆ ಮನೆಮನೆಯ ಬಾಗಿಲಿಗೆ ಬಂದಿತು. ರೋಗ ಇಳಿಯಿತು, ಪ್ರಶ್ನೆಯನ್ನೂ ಜನ ಮರೆಯುತ್ತಿದ್ದಾರೆ. ಮರೆಯುವ ಮೊದಲು ಆ ಕಾಲದ ಜಮಾ-ಖರ್ಚನ್ನು ಒಮ್ಮೆ ಬರೆದಿಡುವದು ಅವಶ್ಯವಾಗಿದೆ.

ಮೊದಲು ಜಮೆಯ ಪುಟ. ಲಸಿಕೆ ನಮ್ಮ ಜನರ ಪ್ರಾಣ ಉಳಿಸಿತು. ಅದರ ಬಗ್ಗೆ ಹಬ್ಬಿದ ಗಾಳಿಮಾತುಗಳಿಗೆ ಸಮಾಜವಾದಿಗಳು ಎಂದೂ ಕಿವಿಗೊಡಬಾರದು. ನಮ್ಮ ಕಡೆ ಸಿಡುಬಿನ ಲಸಿಕೆಗೆ ‘ದೇವಿ ಹಾಕುವದು’ ಎನ್ನುತ್ತಿದ್ದರು. ದೇವಿ ಹಾಕುವವರು ಬಂದರೆ ಕೂಸುಗಳನ್ನು ಅಡಗಿಸಿಡುವ ಕಾಲವಿತ್ತು. ಆದರೂ ಹಾಕಿಸಿಕೊಂಡರು. ಆ ಗುರುತು ಇಂದಿಗೂ ಹಿರಿಯರ ತೋಳಿನ ಮೇಲಿದೆ. ರೋಗ ಮಾತ್ರ ಇಲ್ಲ. ೧೯೭೭ರಲ್ಲಿ ಭಾರತವೂ ೧೯೮೦ರಲ್ಲಿ ಇಡೀ ಜಗತ್ತೂ ಸಿಡುಬಿನಿಂದ ಮುಕ್ತವೆಂದು ಸಾರಲಾಯಿತು. ಅದಕ್ಕೂ ಹಿಂದೆ, ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ, ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು ಸಾವಿರಾರು ಜನ ಚುಚ್ಚಿಸಿಕೊಂಡರು. ಪೋಲಿಯೊ ಹನಿಗಳ ಫಲವಾಗಿ ೨೦೧೪ರಲ್ಲಿ ನಮ್ಮ ದೇಶ ಪೋಲಿಯೊ-ಮುಕ್ತವೆಂದು ಪ್ರಮಾಣಪತ್ರ ಪಡೆಯಿತು. ದೇವಿ ಹಾಕಿದವನಾಗಲಿ, ಪೋಲಿಯೊ ಹನಿ ಹಾಕಿದ ಅಕ್ಕನಾಗಲಿ ತಾಯಿಯ ಕೈಯಲ್ಲಿ ಬಿಲ್ಲು ಇಡಲಿಲ್ಲ. ಏಕೆಂದರೆ ನೆರೆಮನೆಯವನ ತೋಳಿಗೆ ಬಿದ್ದ ಸೂಜಿ ನನ್ನ ಮಗುವನ್ನೂ ಕಾಯುತ್ತದೆ. ಲಸಿಕೆ ಒಬ್ಬನು ಕೊಂಡು ಒಬ್ಬನೇ ಉಣ್ಣುವ ಸರಕಲ್ಲ. ಅದು ಊರ ಬಾವಿಯಂತೆ.

೨೦೨೧ರ ಜನವರಿ ೧೬ರಂದು ಕೊರೋನಾ ಲಸಿಕೆ ಆರಂಭವಾದಾಗ ಈ ನ್ಯಾಯವೇ ನಡೆಯಿತು. ಸರಕಾರಿ ದವಾಖಾನೆಯಲ್ಲಿ ಬಿಟ್ಟಿ. ಮಾರ್ಚ್ ೧ರಿಂದ ಖಾಸಗಿಯಲ್ಲಿ ಲಸಿಕೆಗೆ ರೂ. ೧೫೦, ಚುಚ್ಚುವ ಕೂಲಿ ರೂ. ೧೦೦, ಒಟ್ಟು ರೂ. ೨೫೦ ಮಾತ್ರ. ಆದರೆ ಮೇ ೧ರಿಂದ ಕೇಂದ್ರ ಸರಕಾರ ಊರ ಬಾವಿಗೆ ಬೀಗ ಹಾಕಿ ನೀರಿನ ಅಂಗಡಿ ತೆರೆಯಿತು. ತಯಾರಾದ ಲಸಿಕೆಯಲ್ಲಿ ಅರ್ಧ ತನಗೆ. ಉಳಿದರ್ಧವನ್ನು ರಾಜ್ಯಗಳೂ ಖಾಸಗಿ ದವಾಖಾನೆಗಳೂ ಕಂಪನಿಗಳಿಂದ ಕೊಳ್ಳಲಿ ಎಂದಿತು. ಆಗ ಒಂದೇ ಸೀಸೆಗೆ ಮೂರು ಬೆಲೆಗಳಾದವು. ಕೋವಿಶೀಲ್ಡ್ ಒಂದು ಡೋಸಿಗೆ ಕೇಂದ್ರಕ್ಕೆ ರೂ. ೧೫೦, ರಾಜ್ಯಗಳಿಗೆ ರೂ. ೩೦೦, ಖಾಸಗಿಯವರಿಗೆ ರೂ. ೬೦೦. ಕೋವ್ಯಾಕ್ಸಿನ್ ರಾಜ್ಯಗಳಿಗೆ ರೂ. ೪೦೦, ಖಾಸಗಿಯವರಿಗೆ ರೂ. ೧,೨೦೦. ಈ ಎರಡನೆಯದು ಸರಕಾರದ್ದೇ ಆದ ವೈದ್ಯಕೀಯ ಸಂಶೋಧನ ಮಂಡಳಿಯ ಸಹಾಯದಿಂದ ತಯಾರಾದದ್ದು. ಅಂದರೆ ನಮ್ಮ ತೆರಿಗೆಯ ಹಣವೂ ಅದರಲ್ಲಿತ್ತು. ಬಿತ್ತಿದ ಬೀಜ ನಮ್ಮದು, ಬೆಳೆಯನ್ನು ಕೊಳ್ಳುವವರೂ ನಾವೇ!

ಕರ್ನಾಟಕ ಸರಕಾರ ೧೮ರಿಂದ ೪೪ ವಯಸ್ಸಿನವರಿಗೂ ಬಿಟ್ಟಿ ಕೊಡುವೆನೆಂದಿತು. ಆದರೆ ಕೊಡಲು ಲಸಿಕೆಯೇ ಇಲ್ಲದೆ ಮೇ ೧೪ರಿಂದ ಆ ವಯಸ್ಸಿನವರಿಗೆ ಹಾಕುವದನ್ನು ನಿಲ್ಲಿಸಬೇಕಾಯಿತು. ಗಿರಣಿಯಲ್ಲಿ, ಬಜಾರದಲ್ಲಿ, ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ದುಡಿಯುವವರು ಬಹುತೇಕ ಇದೇ ವಯಸ್ಸಿನವರು. ಅವರು ಮನೆಯಲ್ಲಿ ಕುಳಿತು ದುಡಿಯುವವರಲ್ಲ. ಮೇಲಾಗಿ ಮೊಬೈಲಿನಲ್ಲಿ ಹೆಸರು ನೋಂದಿಸಿದವರಿಗಷ್ಟೇ ಸರದಿ ಎಂಬ ನಿಯಮ ಬೇರೆ. ಬೆರಳು ಚುರುಕಾದವನಿಗೆ ಲಸಿಕೆ, ಬೆರಳು ಬಿರುಸಾದವನಿಗೆ ಕಾಯುವಿಕೆ!

ಜೂನ್ ೮ರಂದು ಕೇಂದ್ರವು ಖಾಸಗಿ ದವಾಖಾನೆಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿತು. ಕೋವಿಶೀಲ್ಡ್ ರೂ. ೭೮೦, ಕೋವ್ಯಾಕ್ಸಿನ್ ರೂ. ೧,೪೧೦. ಈ ಲೆಕ್ಕವನ್ನು ಅಂಗಡಿಯವರು ಸುಲಭವಾಗಿ ಬಿಡಿಸಬಲ್ಲರು. ಸರಕಿನ ಬೆಲೆ ರೂ. ೬೦೦, ಶೇಕಡಾ ೫ರ ಜಿ.ಎಸ್.ಟಿ. ರೂ. ೩೦, ಸೇವಾಶುಲ್ಕ ರೂ. ೧೫೦. ಪ್ರಾಣ ಉಳಿಸುವ ಔಷಧಕ್ಕೂ ತೆರಿಗೆ! ಇನ್ನು ಮನೆಯ ಲೆಕ್ಕ ಹಾಕಿರಿ. ಒಬ್ಬನಿಗೆ ಎರಡು ಡೋಸು ಎಂದರೆ ರೂ. ೧,೫೬೦. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ರೂ. ೨೮೯. ಐದು ದಿನ ಮಣ್ಣು ಹೊತ್ತರೂ ಒಬ್ಬನ ಎರಡು ಸೂಜಿಗೆ ಸಾಲದು. ಬೆಳೆದ ನಾಲ್ವರಿರುವ ಮನೆಗೆ ರೂ. ೬,೨೪೦.

ಸುಪ್ರೀಮ್ ಕೋರ್ಟು ಮೇ ೩೧ರ ಆಜ್ಞೆಯಲ್ಲಿ, ೧೮ರಿಂದ ೪೪ ವಯಸ್ಸಿನವರು ಹಣ ಕೊಟ್ಟು ಹಾಕಿಸಿಕೊಳ್ಳಬೇಕೆಂಬ ನೀತಿ ಮೇಲ್ನೋಟಕ್ಕೆ ಮನಸೋ ಇಚ್ಛೆಯದು, ವಿವೇಕವಿಲ್ಲದ್ದು ಎಂದು ಹೇಳಿತು. ಒಂದು ವಾರದಲ್ಲಿ, ಜೂನ್ ೭ರಂದು, ಪ್ರಧಾನಿಯವರು ನೀತಿಯನ್ನು ಹಿಂದೆಗೆದುಕೊಂಡರು. ಜೂನ್ ೨೧ರಿಂದ ಸರಕಾರಿ ಕೇಂದ್ರಗಳಲ್ಲಿ ಎಲ್ಲ ವಯಸ್ಕರಿಗೆ ಬಿಟ್ಟಿಯಾಯಿತು. ಮುಂದಿನ ವರ್ಷ, ೨೦೨೨ರ ಏಪ್ರಿಲಿನಲ್ಲಿ, ಮೂರನೆಯ ಡೋಸಿನ ಹೊತ್ತಿಗೆ ಅದೇ ಕಂಪನಿಗಳು ಖಾಸಗಿಯವರಿಗೆ ಅದೇ ಸೀಸೆಗಳನ್ನು ರೂ. ೨೨೫ಕ್ಕೆ ಕೊಡಲೊಪ್ಪಿದವು. ೬೦೦ ಎಂಬದು ೨೨೫ ಆಯಿತು. ೧,೨೦೦ ಎಂಬದೂ ೨೨೫ ಆಯಿತು. ಹಾಗಾದರೆ ಜನ ಉಸಿರಿಗೆ ಒದ್ದಾಡುತ್ತಿದ್ದ ತಿಂಗಳುಗಳಲ್ಲಿ ತೆಗೆದುಕೊಂಡ ಹೆಚ್ಚಿನ ಹಣ ಯಾವ ಖರ್ಚಿನದು? ಕ್ಷಾಮದಲ್ಲಿ ಜೋಳದ ಧಾರಣೆ ಏರಿಸಿದ ಅಡತಿಯವನನ್ನು ನಾವು ಕಾಳಸಂತೆಕೋರನೆಂದು ಕರೆಯುತ್ತೇವೆ. ಇದಕ್ಕೆ ಏನೆಂದು ಕರೆಯಬೇಕು?

ಸೀಸೆಗೆ ಮೂರು ಬೆಲೆ ಇದ್ದಂತೆ ಮಂಚಕ್ಕೆ ಎರಡು ಬೆಲೆ ಇದ್ದವು. ೨೦೨೦ರ ಜೂನ್‌ನಲ್ಲಿ ಕರ್ನಾಟಕ ಸರಕಾರ ಖಾಸಗಿ ದವಾಖಾನೆಗಳ ಕೊರೋನಾ ಚಿಕಿತ್ಸೆಗೆ ದಿನದ ದರ ನಿಗದಿ ಮಾಡಿತು. ಸರಕಾರವೇ ಕಳಿಸಿದ ರೋಗಿಗೆ ಸಾಮಾನ್ಯ ವಾರ್ಡಿಗೆ ರೂ. ೫,೨೦೦, ವೆಂಟಿಲೇಟರ್ ಇರುವ ಐ.ಸಿ.ಯು.ಗೆ ರೂ. ೧೦,೦೦೦, ಇದನ್ನು ಸರಕಾರವೇ ಕೊಡುವದು. ತಾನಾಗಿಯೇ ಹೋಗಿ ಸೇರಿದವನಿಗೆ ಅವೇ ಮಂಚಗಳು ರೂ. ೧೦,೦೦೦ ಮತ್ತು ರೂ. ೨೫,೦೦೦ದ ವರೆಗೆ. ನಾಲ್ಕು ದಿನ ವೆಂಟಿಲೇಟರ್ ಮೇಲಿದ್ದರೆ ಒಂದು ಲಕ್ಷ. ಸರಕಾರಿ ದವಾಖಾನೆಯ ಚೀಟಿಯೊಂದಿಗೆ ಹೋದವನಿಗೆ ಬಿಲ್ಲಿಲ್ಲ. ಗಾಬರಿಯಲ್ಲಿ ನೇರವಾಗಿ ಓಡಿದವನಿಗೆ ಹೊಲ ಅಡವು. ಒಂದು ಚೀಟಿಯ ಅರಿವು ಇಲ್ಲದ್ದಕ್ಕೆ ಇಷ್ಟು ದೊಡ್ಡ ದಂಡವೇ? ನರ್ಸಮ್ಮನೊಬ್ಬಳು ಒಂದೇ ರಕ್ಷಾಕವಚ ತೊಟ್ಟು ಹತ್ತು ರೋಗಿಗಳನ್ನು ನೋಡಿದ್ದಾದರೆ ಅದರ ಬೆಲೆ ಹತ್ತು ಬಿಲ್ಲುಗಳಲ್ಲಿ ಹೇಗೆ ಹಂಚಬೇಕು ಎಂದು ಕೇಳುವ ಹಕ್ಕು ರೋಗಿಗೆ ಇಲ್ಲವೇ?

ಆದರೂ ಈ ಆಜ್ಞೆ ಒಂದು ದೊಡ್ಡ ಸತ್ಯವನ್ನು ಹೊರಗೆಡವಿತು. ೨೦೧೭ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯದೆಗೆ ಬಿಗಿಯಾದ ತಿದ್ದುಪಡಿ ಬಂದಾಗ, ದರ ನಿಗದಿ ಮಾಡುವದು ಸಾಧ್ಯವೇ ಇಲ್ಲ ಎಂಬ ಕೂಗೆದ್ದಿತು. ನವೆಂಬರಿನಲ್ಲಿ ಖಾಸಗಿ ಡಾಕ್ಟರರು ಮುಷ್ಕರ ಹೂಡಿದರು. ಬೆಳಗಾವಿ ಅಧಿವೇಶನದಲ್ಲಿ ಕಾಯದೆ ಪಾಸಾಗುವ ಹೊತ್ತಿಗೆ ದರ ನಿಗದಿಯು ಸರಕಾರಿ ಯೋಜನೆಗಳ ರೋಗಿಗಳಿಗಷ್ಟೇ ಎಂದು ಕುಗ್ಗಿಹೋಯಿತು. ಮೂರು ವರ್ಷ ತುಂಬುವದರೊಳಗೆ ಅದೇ ರಾಜ್ಯದಲ್ಲಿ, ಅವೇ ದವಾಖಾನೆಗಳಿಗೆ, ಹಣ ಕೊಡುವ ರೋಗಿಗಳಿಗೂ ಸೇರಿಸಿ ಸರಕಾರ ಒಂದು ಆಜ್ಞೆಯಿಂದ ದರ ಕಟ್ಟಿತು. ಆಕಾಶ ಕಳಚಿ ಬೀಳಲಿಲ್ಲ. ಕೊರೋನಾಕ್ಕೆ ಸಾಧ್ಯವಾದದ್ದು ಡೆಂಗ್ಯೂಗೆ, ಹೆರಿಗೆಗೆ, ಮುರಿದ ಕಾಲಿಗೆ ಏಕೆ ಸಾಧ್ಯವಿಲ್ಲ? ಬೇಕಾದದ್ದು ಹೊಸ ವಿದ್ಯೆಯಲ್ಲ, ಮನಸ್ಸು.

ಈ ಬಗ್ಗೆ ಡಾಕ್ಟರರ ಮಾತನ್ನೂ ಕೇಳಬೇಕು. ಸಾಂಕ್ರಾಮಿಕದಲ್ಲಿ ಡಾಕ್ಟರರು, ನರ್ಸುಗಳು, ಆಶಾ ಕಾರ್ಯಕರ್ತೆಯರು ಪ್ರಾಣ ಪಣಕ್ಕಿಟ್ಟು ದುಡಿದರು, ಹಲವರು ಸತ್ತರು. ಸಣ್ಣ ನರ್ಸಿಂಗ್ ಹೋಮು ನಡೆಸುವ ಡಾಕ್ಟರನಿಗೂ ಯಂತ್ರದ ಸಾಲ, ಕರೆಂಟು ಬಿಲ್ಲು, ಪಗಾರಗಳು ಇರುತ್ತವೆ. ಸರಕಾರ ತಾನು ಕೊಡಬೇಕಾದ ಹಣವನ್ನು ಬಾಕಿ ಇಟ್ಟರೆ ಅವನೂ ಕಷ್ಟಕ್ಕೆ ಬೀಳುತ್ತಾನೆ. ಇದೆಲ್ಲ ನಿಜ. ಆದುದರಿಂದಲೇ ಖರ್ಚನ್ನು ತೆರೆದಿಡಲಿ ಎನ್ನುತ್ತೇವೆ. ನ್ಯಾಯವಾದ ಖರ್ಚು ಇರುವವನಿಗೆ ಬಿಡಿಬಿಡಿಯಾಗಿ ಬರೆದ ಬಿಲ್ಲಿನಿಂದ ಹೆದರಿಕೆ ಏಕೆ? ನಮ್ಮ ಜಗಳ ಡಾಕ್ಟರನ ಕೂಲಿಯೊಂದಿಗೆ ಅಲ್ಲ. ರೋಗವನ್ನು ಬಂಡವಾಳವಾಗಿ ಮಾಡಿಕೊಂಡ ವ್ಯವಸ್ಥೆಯೊಂದಿಗೆ.

ಅಲ್ಲಿಯ ವರೆಗೆ ಇರುವ ಹಕ್ಕುಗಳನ್ನಾದರೂ ತಿಳಿದಿರೋಣ. ದವಾಖಾನೆಯು ತನ್ನ ದರಪಟ್ಟಿಯನ್ನು ರೋಗಿಗಳಿಗೆ ತಿಳಿಯುವಂತೆ ಪ್ರಕಟಿಸಬೇಕೆಂದು ಕಾಯದೆ ಹೇಳುತ್ತದೆ. ಹಣ ಬಾಕಿ ಇದೆಯೆಂದು ಹೆಣವನ್ನು ತಡೆಹಿಡಿಯುವಂತಿಲ್ಲ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ. ೨೦೧೮ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆ. ಆದರೆ ತುರ್ತು ಸಂದರ್ಭ ಬಿಟ್ಟರೆ ಮೊದಲು ಸರಕಾರಿ ದವಾಖಾನೆಯ ಚೀಟಿ ಬೇಕು. ಎ.ಪಿ.ಎಲ್. ಕಾರ್ಡಿನ ಚಿಕ್ಕ ವ್ಯಾಪಾರಸ್ಥನಿಗೆ ಸರಕಾರ ಕೊಡುವದು ನಿಗದಿಯಾದ ದರದ ಶೇಕಡಾ ೩೦ ಮಾತ್ರ. ಉಳಿದ ೭೦ ಅವನ ಮೇಲೆಯೇ. ಗಿರಣಿ ಕಾಮಗಾರನ ಪಗಾರದಿಂದ ೨೦೧೯ರ ಜುಲೈ ತರುವಾಯ ಇ.ಎಸ್.ಐ.ಗೆ ಶೇಕಡಾ ೦.೭೫ ಕಡಿತ, ಮಾಲೀಕನದು ೩.೨೫. ಪಗಾರ ೧೨,೦೦೦ ಇದ್ದರೆ ಕಾಮಗಾರನ ಪಾಲು ರೂ. ೯೦, ಮಾಲೀಕನ ಪಾಲು ರೂ. ೩೯೦. ಹತ್ತು ಕಾಮಗಾರರಿದ್ದರೆ ಇದು ಮಾಲೀಕನ ದಯೆಯಲ್ಲ, ಕಾಯದೆ. ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು ಬರೆದು ಹದಿನೈದು ಮಂದಿಯನ್ನು ದುಡಿಸುವ ಮಾಲೀಕನು ಹದಿನೈದು ಮನೆಗಳ ದವಾಖಾನೆಯನ್ನು ಕದ್ದಂತೆ.

೧೯೪೬ರಲ್ಲಿ, ಸ್ವಾತಂತ್ರ್ಯಕ್ಕೆ ಮೊದಲೇ, ಭೋರ್ ಸಮಿತಿಯು ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು ಹೇಳಿತ್ತು. ೧೯೪೮ರ ಜುಲೈ ೫ರಂದು ಯುದ್ಧದಿಂದ ಜರ್ಜರಿತವಾಗಿದ್ದ ಬ್ರಿಟನ್ನಿನಲ್ಲಿ ಅನ್ಯೂರಿನ್ ಬೆವನ್, ಎಳೆಯ ವಯಸ್ಸಿನಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿದ ಸಮಾಜವಾದಿ ಮಂತ್ರಿ, ಎಲ್ಲರಿಗೂ ಬಿಟ್ಟಿ ಚಿಕಿತ್ಸೆಯ ವ್ಯವಸ್ಥೆಯನ್ನು ಜಾರಿಗೆ ತಂದರು. ಅವರು ದೇಶ ಶ್ರೀಮಂತವಾಗುವ ವರೆಗೆ ಕಾಯಲಿಲ್ಲ.

ನಾವೂ ಕಾಯಬೇಕಾಗಿಲ್ಲ. ತಿಕೋಟಾ ಮತ್ತು ಬಬಲೇಶ್ವರ ೨೦೧೮ರಲ್ಲಿ ತಾಲೂಕುಗಳಾದವು. ತಾಲೂಕೆಂದರೆ ಬರಿಯ ಕಚೇರಿಯ ಫಲಕವಲ್ಲ. ರಾತ್ರಿ ಎರಡು ಗಂಟೆಗೂ ಡಾಕ್ಟರರೂ ಆಕ್ಸಿಜನ್ನೂ ಸಿಗುವ ಸರಕಾರಿ ದವಾಖಾನೆ. ಅದು ಸಿಗದೆ ಇದ್ದರೆ ರೋಗಿ ವಿಜಯಪುರದ ದಾರಿ ಹಿಡಿಯುತ್ತಾನೆ. ಅಲ್ಲಿ ಮೊದಲು ಕಾಣುವದು ಮುಂಗಡ ಹಣದ ಕಿಟಕಿ. ನಗರದಲ್ಲಿ ೨೦೨೫ರ ಸೆಪ್ಟೆಂಬರಿನಿಂದ ತಿಂಗಳುಗಟ್ಟಲೆ ನಡೆದ ಧರಣಿ, ಖಾಸಗಿ ಸಹಭಾಗಿತ್ವ ಬೇಡ, ಪೂರ್ತಿ ಸರಕಾರಿ ಮೆಡಿಕಲ್ ಕಾಲೇಜೇ ಬೇಕು ಎಂದು ಕೇಳಿದ್ದೂ ಈ ಬಿಲ್ಲಿನ ಅನುಭವದಿಂದಲೇ. ಸರಕಾರಿ ಮಂಚ ಕಡಿಮೆಯಾದಷ್ಟೂ ಖಾಸಗಿ ಮಂಚದ ಬೆಲೆ ಏರುವದೆಂಬದನ್ನು ಬಜಾರದವರಿಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ಬೇಡಿಕೆಗಳು ಇಷ್ಟೇ. ಪ್ರತಿಯೊಂದು ದವಾಖಾನೆಯ ಬಾಗಿಲಲ್ಲಿ ಕನ್ನಡದಲ್ಲಿ ದರಪಟ್ಟಿ ಇರಲಿ. ಬಿಲ್ಲು ಕನ್ನಡದಲ್ಲಿ, ಬಿಡಿಬಿಡಿಯಾಗಿರಲಿ; ‘ಇತರೆ’ ಎಂಬ ಸಾಲು ತೊಲಗಲಿ. ಜಿಲ್ಲಾ ಪ್ರಾಧಿಕಾರವು ವಿಜಯಪುರದಲ್ಲಷ್ಟೇ ಕುಳಿತಿರದೆ ತಿಕೋಟಾ, ಬಬಲೇಶ್ವರಗಳಲ್ಲಿಯೂ ಗೊತ್ತಾದ ದಿನ ಜನರ ದೂರು ಕೇಳಲಿ. ಲಸಿಕೆಯು ಎಂದೆಂದಿಗೂ ಎಲ್ಲರಿಗೂ ಬಿಟ್ಟಿ ಎಂದು ಕಾಯದೆಯಾಗಲಿ. ಮುಂದಿನ ಸಾಂಕ್ರಾಮಿಕ ಬಂದಾಗ ಕೋರ್ಟಿನ ಆಜ್ಞೆಗೆ ಕಾಯುವ ಪ್ರಸಂಗ ಬರದಿರಲಿ.

ಲಸಿಕೆಯನ್ನು ನಾವು ಭಯಪಡದೆ ಹಾಕಿಸಿಕೊಂಡೆವು. ಬಿಲ್ಲನ್ನೂ ಭಯಪಡದೆ ಕೇಳೋಣ. ಗಿರಣಿಯ ಸಂಘ ಮತ್ತು ಬಜಾರದ ಸಂಘ ಒಂದಾಗಿ ಜಿಲ್ಲಾಧಿಕಾರಿಗಳ ಕಚೇರಿಗೆ ಒಂದು ಅರ್ಜಿ ಒಯ್ದರೆ ಸಾಕು, ಆರಂಭವಾಗುತ್ತದೆ. ನಮ್ಮ ತಕ್ಕಡಿಯನ್ನು ಸರಕಾರ ಪರೀಕ್ಷಿಸುತ್ತದೆ; ಸರಕಾರವನ್ನು ಪರೀಕ್ಷಿಸುವ ತಕ್ಕಡಿ ನಮ್ಮ ಕೈಯಲ್ಲಿದೆ.