ಸಾಲುಮನೆಯ ಒಳಬಾಗಿಲು

ಹಳೆಯ ಮನೆಗಳ ವಿಷಯವಾಗಿ ಎರಡು ಬಗೆಯ ಮಾತುಗಳು ನಮ್ಮ ಕಿವಿಗೆ ಬೀಳುತ್ತಿರುತ್ತವೆ. ‘ಕತ್ತಲೆಯ ಕೊಂಪೆ, ಕೆಡವಿಬಿಡಿರಿ’ ಎಂಬುದೊಂದು. ‘ಪೂರ್ವಿಕರ ವೈಭವ, ಮುಟ್ಟಬೇಡಿರಿ’ ಎಂಬುದಿನ್ನೊಂದು. ಇವೆರಡನ್ನೂ ನುಡಿಯುವವರು ಬಹುಮಟ್ಟಿಗೆ ಆ ಮನೆಗಳ ಅಡಿಗೆಯ ಕೋಣೆಯಲ್ಲಿ ಒಂದು ಹೊತ್ತನ್ನಾದರೂ ಕಳೆಯದ ಪುರುಷರೇ ಎಂಬುದನ್ನು ವಿನಯದಿಂದ ಸೂಚಿಸಬಯಸುತ್ತೇವೆ. ಭಟ್ಕಳದ ಹಳೆಯ ಕೇರಿಗಳಲ್ಲಿರುವ ನವಾಯತರ ಸಾಲುಮನೆಗಳನ್ನು ಕುರಿತು ನಾವು ಹೇಳಬೇಕೆಂದಿರುವುದು ಬೇರೊಂದು ಮಾತು.

ಈ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತವುಗಳು. ಬೀದಿಯ ಕಡೆಗೆ ಮೋರೆ ಕಿರಿದು. ಒಳಹೊಕ್ಕರೆ ಹಿತ್ತಲ ಬಾವಿಯವರೆಗೂ ಉದ್ದಕ್ಕೆ ಸಾಗುವ ಕೋಣೆಗಳು. ಮೊದಲು ಜಗಲಿ, ಅನಂತರ ಗಂಡಸರ ಅತಿಥಿಗಳಿಗೆ ಮೀಸಲಾದ ಕೋಣೆ, ಅದರ ಹಿಂದೆ ಹೆಂಗಸರ ನಡುಮನೆ, ಕೊನೆಯಲ್ಲಿ ಅಡಿಗೆಯ ಕೋಣೆ. ಗೋಡೆ ಚಿರೆಕಲ್ಲಿನದು, ಕಂಬ, ತೊಲೆ, ಅಟ್ಟಗಳು ಮರದವು. ಮಾಡಿನ ಮೇಲಿನ ಮಂಗಳೂರು ಹಂಚಿನ ಕಥೆಯನ್ನು ಮಿಶನ್ ಶಾಲೆಯವರಾದ ನಾವು ಹೇಳದೆ ಬಿಡಲಾರೆವು: ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ೧೮೬೫ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಯನ್ನು ತೆರೆದ ತರುವಾಯ ಕರಾವಳಿಯ ಮಾಡುಗಳು ಹುಲ್ಲನ್ನೂ ನಾಡಹಂಚನ್ನೂ ಮೆಲ್ಲಮೆಲ್ಲನೆ ಬಿಟ್ಟವು. ಮೂರು ಸಾವಿರ ಮಿಲ್ಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ನಾಡಿನಲ್ಲಿ ಪಕ್ಕದ ಎರಡು ಗೋಡೆಗಳು ನೆನೆಯದಿರುವುದು ಅಲ್ಪ ಲಾಭವಲ್ಲ. ಸಾಲಿನ ಮನೆಗೆ ಮಳೆ ಬಡಿಯುವುದು ಮುಂದೆ ಹಾಗೂ ಹಿಂದೆ ಮಾತ್ರ.

ಆದರೆ ಇವುಗಳಲ್ಲಿ ನಮ್ಮ ಮನಸ್ಸನ್ನು ಸೆಳೆದುದು ಕೆತ್ತನೆಯ ಹೆಬ್ಬಾಗಿಲಲ್ಲ. ನಡುವಣ ಗೋಡೆಯಲ್ಲಿರುವ ಚಿಕ್ಕದೊಂದು ಬಾಗಿಲು. ಅನೇಕ ಮನೆಗಳಲ್ಲಿ ಈ ಬಾಗಿಲಿನ ಮೂಲಕ ಹೆಂಗಸರು ಬೀದಿಗಿಳಿಯದೆ ನೆರೆಮನೆಗೂ ಅಲ್ಲಿಂದ ಅದರಾಚೆಯ ಮನೆಗೂ ಹೋಗಿಬರುವ ಅನುಕೂಲವಿತ್ತು. ಬಾಣಂತಿಗೆ ಕಷಾಯ, ಜ್ವರದ ಮಗುವಿಗೆ ಗಂಜಿ, ಹಬ್ಬದ ತಿಂಡಿಯ ತಟ್ಟೆ, ಇವೆಲ್ಲವುಗಳ ದಾರಿ ಅದೇ. ಬೀದಿಯಿಂದ ನೋಡುವವನಿಗೆ ಹತ್ತು ಮನೆಗಳು ಕಾಣುತ್ತವೆ. ಒಳಗಿರುವ ಹೆಂಗಸರಿಗೆ ಅದು ಒಂದೇ ಮನೆ.

ಇಂಗ್ಲೆಂಡಿನಲ್ಲಿಯೂ ಸಾಲುಮನೆಗಳು ಎದ್ದವು. ಜಾರ್ಜ್ ಎಂಬ ಹೆಸರಿನ ನಾಲ್ವರು ಅರಸರು ಒಬ್ಬರಾದ ಮೇಲೊಬ್ಬರಂತೆ ಆಳಿದ ೧೭೧೪ರಿಂದ ೧೮೩೦ರವರೆಗಿನ ಅವಧಿಯದಾದುದರಿಂದ ಅವುಗಳಿಗೆ ಜಾರ್ಜಿಯನ್ ಮನೆಗಳೆಂದು ಹೆಸರು. ಬಾತ್ ಪಟ್ಟಣದಲ್ಲಿ ೧೭೬೭ರಿಂದ ೧೭೭೪ರವರೆಗೆ ಕಟ್ಟಿದ ‘ರಾಯಲ್ ಕ್ರೆಸೆಂಟ್’ ಎಂಬ ಅರ್ಧಚಂದ್ರಾಕಾರದ ಸಾಲಿನಲ್ಲಿ ಮೂವತ್ತು ಮನೆಗಳಿವೆ. ಕಿರಿಯ ಜಾನ್ ವುಡ್ ಎಂಬ ಶಿಲ್ಪಿ ಇದರ ಮುಂಭಾಗವನ್ನು ಮಾತ್ರ ಒಂದೇ ಅರಮನೆಯೋ ಎಂಬಂತೆ ರೂಪಿಸಿದನು. ಹಿಂದಿನ ಭಾಗವನ್ನು ಕೊಂಡವರು ತಮ್ಮ ತಮ್ಮ ಇಚ್ಛೆಯಂತೆ ಕಟ್ಟಿಸಿಕೊಂಡರು. ಅಂದರೆ ಅಲ್ಲಿ ಹೊರಗೆ ಐಕ್ಯ, ಒಳಗೆ ಪ್ರತ್ಯೇಕತೆ. ಭಟ್ಕಳದಲ್ಲಿ ಅದು ತಿರುಗುಮುರುಗಾಗಿದೆ. ಆ ಮನೆಗಳ ದಿವಾನಖಾನೆಗೆ ಎತ್ತರದ ಕಿಟಕಿಗಳು. ಅಡಿಗೆಯವಳಿಗೆ ಮಾತ್ರ ನೆಲಮಾಳಿಗೆ. ನೀರು, ಕಲ್ಲಿದ್ದಲುಗಳನ್ನು ಹೊತ್ತು ಮಹಡಿಗಳನ್ನೇರಿದ ಆಳುಹೆಣ್ಣಿಗೆ ಮಲಗಲು ಬಹುಶಃ ಮಾಡಿನ ಕೆಳಗಿನ ಅಟ್ಟ. ೧೬೯೬ರಿಂದ ೧೮೫೧ರವರೆಗೆ ಕಿಟಕಿಗಳಿಗೂ ಕರವಿದ್ದುದರಿಂದ ಕೆಲವರು ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿಬಿಟ್ಟರಂತೆ. ಕತ್ತಲೆಯ ಮನೆ ನಮ್ಮ ದೇಶದ್ದೊಂದೇ ಸೊತ್ತಲ್ಲ!

ಇನ್ನು ನಮ್ಮ ಕಳವಳದ ಮಾತು. ಕೊಲ್ಲಿಯ ದೇಶಗಳ ಸಂಪಾದನೆಯಿಂದ ಹೊಸ ಮನೆಗಳು ಊರ ಹೊರಗೆ ಏಳುತ್ತಿವೆ. ಹಳೆಯ ಕೇರಿಯ ಮನೆ ಬೀಗ ಬಿದ್ದು ಸೋರುತ್ತದೆ, ಇಲ್ಲವೇ ಸಿಮೆಂಟು ಕಟ್ಟಡಕ್ಕೆ ಎಡೆಗೊಡುತ್ತದೆ. ಸಾಲಿನ ನಡುವಣ ಮನೆಯನ್ನು ಕೆಡವಿದವರು ತಮ್ಮದನ್ನಷ್ಟೇ ಕೆಡವಿದೆವೆಂದು ತಿಳಿಯುತ್ತಾರೆ. ಆದರೆ ಒಳಗೋಡೆಯಾಗಿ ನೂರು ವರುಷ ಒಣಗಿಕೊಂಡಿದ್ದ ನೆರೆಯವರ ಗೋಡೆ ಆ ವರುಷದ ಜೂನ್ ತಿಂಗಳಲ್ಲಿ ಮೊದಲ ಬಾರಿಗೆ ಮಳೆಗೆ ಮೈಯೊಡ್ಡುತ್ತದೆ. ಮಣ್ಣಿನ ಗಾರೆ ಕರಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಅಲ್ಲಿ ವಾಸವಾಗಿರುವವಳು ಅನೇಕ ವೇಳೆ ಒಬ್ಬ ವೃದ್ಧೆ. ಕೆಡವಲೇಬೇಕಾದವರು ಮಳೆಗಾಲಕ್ಕೆ ಮುಂಚೆ ಆ ಗೋಡೆಗೆ ಗಾರೆ ಹಾಕಿಸಿಕೊಟ್ಟು, ಮೇಲೊಂದು ಸೂರನ್ನು ಇಳಿಸಿಕೊಡಬೇಕು. ಇದು ಉಪಕಾರವಲ್ಲ, ಋಣ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿ ಬೆಳೆಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಭಟ್ಕಳದ ನವಾಯತ ಮನೆಯೊಂದನ್ನು ಉಳಿಸಿದ್ದಾರೆ. ಆ ಮಹನೀಯರ ಶ್ರಮಕ್ಕೆ ನಾವು ಋಣಿಗಳು. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಯೋಗ್ಯವೇ. ಆದರೂ ಸಾಲಿನಿಂದ ಬಿಡಿಸಿ ತಂದ ಮನೆಗೆ ನೆರೆಮನೆಯೆಂಬುದಿಲ್ಲ. ಒಂದು ಮನೆಯನ್ನು ಕಂಬಕಂಬವಾಗಿ ಸಾಗಿಸಬಹುದು, ಕೇರಿಯನ್ನು ಸಾಗಿಸಲಾಗದು. ಬಾತ್ ಪಟ್ಟಣದಲ್ಲಿಯೂ ಶ್ರೀಮಂತರ ಸಾಲುಗಳನ್ನು ಕಾಪಾಡಿದವರೇ ೧೯೬೦ರ ದಶಕದಲ್ಲಿಯೂ ಅನಂತರವೂ ಕುಶಲಕರ್ಮಿಗಳ ಚಿಕ್ಕ ಸಾಲುಮನೆಗಳನ್ನು ಹೇರಳವಾಗಿ ನೆಲಸಮ ಮಾಡಿ ತರುವಾಯ ಮರುಗಿದರು.

ಹಾಗೆಂದು ಹೊಗೆಯ ಅಡಿಗೆಯ ಕೋಣೆಯನ್ನು ನಾವು ಹೊಗಳಲಾರೆವು. ಮಾಡಿನಲ್ಲಿ ನಾಲ್ಕು ಗಾಜಿನ ಹಂಚು, ಒಲೆಯ ಮೇಲೆ ಹೊಗೆಗೂಡು, ಹಿತ್ತಲಿಗೆ ಅಗಲವಾದ ಕಿಟಕಿ, ಒಳಗೇ ಶೌಚಗೃಹ: ಇಷ್ಟನ್ನು ಮಾಡಿಸಿದರೆ ಮನೆಯನ್ನು ಕೆಡವಬೇಕಾದ ಕಾರಣಗಳಲ್ಲಿ ಅರ್ಧದಷ್ಟು ಉಳಿಯಲಾರವು. ನಮ್ಮಲ್ಲಿ ಓದಿ ಇಂಜಿನಿಯರುಗಳಾದ ಹೆಣ್ಣುಮಕ್ಕಳು ಇದರ ಖರ್ಚನ್ನು ನಮಗಿಂತ ಚೆನ್ನಾಗಿ ಲೆಕ್ಕಹಾಕಬಲ್ಲರು. ಹೊನ್ನಾವರ, ಕುಮಟಾಗಳ ಪೇಟೆಬೀದಿಗಳಲ್ಲಿ ಮುಂದೆ ಅಂಗಡಿ ಹಿಂದೆ ವಾಸವೆಂಬ ಮನೆಗಳಿರುವವರಿಗೂ ಈ ಮಾತು ಸಲ್ಲುತ್ತದೆ.

ಬರುವ ಬೇಸಗೆಯ ರಜೆಗೆ ಮುಂಚೆ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಕ್ಷೇತ್ರಗಣಿತದ ಪಾಠವಾಗಿ ಇಂತಹ ಮನೆಗಳನ್ನು ಅಳೆದು ನಕ್ಷೆ ಬರೆಯುವ ಕೆಲಸವನ್ನು ಕೊಡಬೇಕೆಂದಿದ್ದೇವೆ. ಕೆಡವಲು ನಿಶ್ಚಯಿಸಿದ ಮನೆಯವರು ಮೊದಲು ತಿಳಿಸಿದರೆ ಆ ಮನೆಗೇ ಮೊದಲು ಬರುವೆವು. ಹೆಣ್ಣುಮಕ್ಕಳೂ ಅಧ್ಯಾಪಿಕೆಯರೂ ಮಾತ್ರ ಬರುವುದರಿಂದ ನಡುಮನೆಯೊಳಗೆ ಬರಮಾಡಿಕೊಳ್ಳಲು ಮನೆಯ ತಾಯಿಯರು ಸಂಕೋಚಪಡಬೇಕಾಗಿಲ್ಲ. ನಕ್ಷೆಯ ಒಂದು ಪ್ರತಿ ಶಾಲೆಯಲ್ಲಿರುವುದು, ಇನ್ನೊಂದನ್ನು ಮನೆಯವರಿಗೆ ಒಪ್ಪಿಸುವೆವು.